ಹಂಡೆಯಿಂದ ಗೀಸರಿಗೆ

ದೀಪಾವಳಿಯ ಆರಂಭವೇ ನೀರು ತುಂಬುವ ಹಬ್ಬ. ಊರಿನ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ, ಕೊರಳಿಗೆ ಹೂವು ಕಟ್ಟಿ ಪೂಜಿಸಿದವರು ನಾವು. ಸೌದೆಗೆ, ತೆಂಗಿನ ಗರಿಗೆ ಆಗ ಲೆಕ್ಕವಿಟ್ಟವರಾರು?

ಮುಂಬಯಿಯ ಚಾಳುಗಳಿಗೆ ಬಂದ ನಮ್ಮ ಹಿರಿಯರಿಗೆ, ನಡುವಿನ ಕೊಳವೆಯಲ್ಲಿ ಇದ್ದಲು ಉರಿಸುವ ತಾಮ್ರದ ಬಂಬ ದೊರೆಯಿತು. ಅದಿಲ್ಲದವರಿಗೆ ಸೀಮೆಎಣ್ಣೆ ಸ್ಟವ್. 1955ರಲ್ಲಿ ಬರ್ಮಾ-ಶೆಲ್ ಕಂಪನಿ ಮುಂಬಯಿಯಲ್ಲಿ ಸಿಲಿಂಡರ್ ಗ್ಯಾಸಿನ ಮಾರಾಟಕ್ಕೆ ತೊಡಗಿತು. ಹೊಗೆ ಹೋಯಿತು, ಲೆಕ್ಕ ಬಂತು.

ಇಂದು ಠಾಣೆಯ ಘೋಡಬಂದರ್ ರಸ್ತೆಯ ಬಹುಮಹಡಿ ಮನೆಗಳಲ್ಲಿ ನೆಲೆಸಿರುವ ನಮಗೂ ಅದೇ ಲೆಕ್ಕ: ಗ್ಯಾಸೋ, ವಿದ್ಯುತ್ತೋ? 20 ಲೀಟರಿನ ಒಂದು ಬಕೆಟ್ ನೀರಿನ ಬಿಸಿಯನ್ನು 20 ಡಿಗ್ರಿ ಏರಿಸಲು ಸುಮಾರು ಅರ್ಧ ಯೂನಿಟ್ ವಿದ್ಯುತ್ ಬೇಕು. 14.2 ಕಿಲೋದ ಸಿಲಿಂಡರು ಅಂಥ ಸುಮಾರು 300 ಬಕೆಟ್ ಕಾಯಿಸೀತು. ಅಂದರೆ ಒಂದು ಸಿಲಿಂಡರು 150 ಯೂನಿಟ್ಟಿಗೆ ಸಮ. ನಿಮ್ಮ ಬಿಲ್ಲಿನ ಯೂನಿಟ್ ದರವನ್ನು 150ರಿಂದ ಗುಣಿಸಿರಿ. ಸಿಲಿಂಡರಿನ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ ಗ್ಯಾಸೇ ಅಗ್ಗ.

ಆದರೆ ಊರಿನ ಬಚ್ಚಲಿಗೆ ಹೆಂಚಿನ ಸಂದಿಯಿತ್ತು, ಹೊಗೆಗಂಡಿಯಿತ್ತು. ಇಲ್ಲಿನ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರು ಉರಿದರೆ, ಬಣ್ಣ-ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಪ್ರಾಣವನ್ನೇ ತೆಗೆದೀತು. ಕೊಳವೆ ಗ್ಯಾಸಿಗೂ ಇದೇ ಎಚ್ಚರಿಕೆ. ಗ್ಯಾಸ್ ಗೀಸರು ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿರಲಿ. ಅಂಥ ಜಾಗವಿಲ್ಲದ ಮನೆಗೆ, ಖರ್ಚು ತುಸು ಹೆಚ್ಚಾದರೂ, ವಿದ್ಯುತ್ತೇ ಲೇಸು. ಹಬ್ಬದ ಮುಂಜಾನೆ ಮಕ್ಕಳನ್ನು ಎಣ್ಣೆಸ್ನಾನಕ್ಕೆ ಕರೆಯುವ ಮುನ್ನ ಇದನ್ನೊಮ್ಮೆ ನೋಡಿಕೊಳ್ಳೋಣ.