ಯಾರೂ ಒತ್ತದ ಕ್ಲಿಕ್ಕು, ಯಾರೋ ತೆತ್ತ ದುಡ್ಡು

ಊಬರ್ ಕಂಪನಿ 2017ರಲ್ಲಿ ತನ್ನ ಜಾಹೀರಾತು ಖರ್ಚಿಗೆ ದೊಡ್ಡ ಕತ್ತರಿ ಹಾಕಿತು. ಹೊಸ ಪ್ರಯಾಣಿಕರು ಆ್ಯಪ್ ಇಳಿಸಿಕೊಳ್ಳಲೆಂದು ಸುರಿಯುತ್ತಿದ್ದ ಸುಮಾರು 15 ಕೋಟಿ ಡಾಲರಿನಲ್ಲಿ 10 ಕೋಟಿಯನ್ನು ನಿಲ್ಲಿಸಿಬಿಟ್ಟಿತು. ಮೊದಲಿನ ಕಾರಣ ಬೇರೆಯೇ ಇತ್ತು. ಬ್ರೈಟ್‌ಬಾರ್ಟ್ ಎಂಬ ಕಡು ಬಲಪಂಥೀಯ ತಾಣದಲ್ಲಿ ಊಬರ್ ಜಾಹೀರಾತು ಕಾಣಿಸುತ್ತಿದೆ ಎಂದು ಜನ ತಕರಾರು ಎತ್ತಿದ್ದರು. ಅಲ್ಲಿ ಹಾಕಬೇಡಿ ಎಂದು ಹೇಳಿದರೂ ಅದು ನಿಲ್ಲಲಿಲ್ಲ. ಯಾಕೆಂದು ಕೆದಕುತ್ತ ಹೋದಾಗ ಇನ್ನೊಂದು ಸಂಗತಿ ಬಯಲಾಯಿತು. ಮೂರರಲ್ಲಿ ಎರಡು ಪಾಲು ಹಣ ನಿಂತರೂ ಆ್ಯಪ್ ಇಳಿಸಿಕೊಳ್ಳುವವರ ಸಂಖ್ಯೆ ಹೆಚ್ಚುಕಡಿಮೆ ಹಾಗೇ ಉಳಿಯಿತು. ಜಾಹೀರಾತು ನೋಡಿ ಬಂದವರೆಂದು ಲೆಕ್ಕಕ್ಕೆ ಹತ್ತಿದ್ದವರಲ್ಲಿ ಬಹುಪಾಲು ಮಂದಿ ಹೇಗೂ ತಾವಾಗಿಯೇ ಬರುತ್ತಿದ್ದವರು. ಆಗ ಆ ವಿಭಾಗ ನೋಡಿಕೊಳ್ಳುತ್ತಿದ್ದ ಕೆವಿನ್ ಫ್ರಿಷ್ ಮುಂದೆ ಇದನ್ನೆಲ್ಲ ಬಹಿರಂಗವಾಗಿಯೇ ಹೇಳಿದರು. ಅದೇ ವರ್ಷ ಊಬರ್, ಸುಳ್ಳು ಕ್ಲಿಕ್ಕುಗಳಿಗೆ ಹಣ ತೆತ್ತೆನೆಂಬ ಆರೋಪ ಹೊರಿಸಿ, ಫೆಚ್ ಮೀಡಿಯಾ ಎಂಬ ಜಾಹೀರಾತು ಏಜೆನ್ಸಿಯ ಮೇಲೆ ಮೊಕದ್ದಮೆ ಹೂಡಿತು. ಏಜೆನ್ಸಿ ಆರೋಪವನ್ನು ಅಲ್ಲಗಳೆಯಿತು.

ಮೊಬೈಲ್ ಜಾಹೀರಾತಿನ ಮೋಸವನ್ನು ಸಾಮಾನ್ಯವಾಗಿ ಕಳ್ಳ–ಪೊಲೀಸರ ಕಥೆಯಾಗಿ ಹೇಳುತ್ತಾರೆ. ಜಾಹೀರಾತಿನಿಂದ ಸಮಾಜಕ್ಕೆ ಒಳಿತಿದೆಯೇ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರಿಗೆ ಬಿಟ್ಟುಬಿಡುತ್ತಾರೆ. ಎರಡನ್ನೂ ಒಟ್ಟಿಗಿಟ್ಟು ನೋಡದೆ ಈ ಕ್ಷೇತ್ರ ಅರ್ಥವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಜಾಹೀರಾತುದಾರ ಯಾವುದಕ್ಕೆ ಹಣ ಕೊಡುತ್ತಾನೋ ಮೋಸಗಾರ ಅದನ್ನೇ ನಕಲು ಮಾಡುತ್ತಾನೆ. ಹಣ ಕೊಡುವ ಲೆಕ್ಕ ಬದಲಾದಾಗಲೆಲ್ಲ ಮೋಸದ ರೂಪವೂ ಬದಲಾಗಿದೆ.

ಪತ್ರಿಕೆಗಳ ಕಾಲದಲ್ಲಿ ಲೆಕ್ಕ ಪ್ರಸಾರ ಸಂಖ್ಯೆಯದು. ಅಲ್ಲಿಯೂ ಉತ್ಪ್ರೇಕ್ಷೆ ಇತ್ತು. ಅದನ್ನು ತಡೆಯಲೆಂದೇ ಭಾರತದಲ್ಲಿ 1948ರಲ್ಲಿ ಎಬಿಸಿ ಎಂಬ ಪ್ರಸಾರ ತಪಾಸಣಾ ಸಂಸ್ಥೆ ಹುಟ್ಟಿತು. ವೆಬ್‌ನಲ್ಲಿ 1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ತಾಣ ಬ್ಯಾನರ್ ಜಾಹೀರಾತುಗಳನ್ನು ಹಾಕಿದಾಗಲೂ ಪತ್ರಿಕೆಯ ಪದ್ಧತಿಯಂತೆ ಜಾಗವನ್ನೇ ಮಾರಲಾಗಿತ್ತು. 1998ರಲ್ಲಿ ಗೋಟು ಡಾಟ್ ಕಾಮ್ ಹೊಸ ಲೆಕ್ಕ ತಂದಿತು: ಯಾರಾದರೂ ಕ್ಲಿಕ್ ಮಾಡಿದರೆ ಮಾತ್ರ ಹಣ. ಗೂಗಲ್ ಅದನ್ನೇ ಹಿಡಿದು ಬೆಳೆಯಿತು. 2003ರಲ್ಲಿ ಆ್ಯಡ್‌ಸೆನ್ಸ್ ಬಂದ ಮೇಲೆ ಸ್ವಂತ ತಾಣವಿದ್ದ ಯಾರು ಬೇಕಾದರೂ ಕ್ಲಿಕ್ಕಿನಿಂದ ಸಂಪಾದಿಸಬಹುದಾಯಿತು. ತನ್ನ ತಾಣದ ಜಾಹೀರಾತನ್ನು ತಾನೇ ಒತ್ತುವವನು, ಎದುರಾಳಿ ಅಂಗಡಿಯ ದುಡ್ಡು ಕರಗಿಸಲೆಂದು ಒತ್ತುವವನು, ಕೂಲಿ ಕೊಟ್ಟು ಒತ್ತಿಸುವವನು, ಎಲ್ಲರೂ ಹುಟ್ಟಿಕೊಂಡರು. ಗೂಗಲ್‌ನ ಅಂದಿನ ಹಣಕಾಸು ಮುಖ್ಯಸ್ಥ ಜಾರ್ಜ್ ರೆಯೆಸ್ 2004ರ ಕೊನೆಯಲ್ಲಿಯೇ ಕ್ಲಿಕ್ ಮೋಸವನ್ನು ಅಂತರ್ಜಾಲ ಆರ್ಥಿಕತೆಗೆ ಎದುರಾದ ಅತಿ ದೊಡ್ಡ ಅಪಾಯ ಎಂದು ಕರೆದಿದ್ದರು. 2006ರಲ್ಲಿ ಜಾಹೀರಾತುದಾರರ ಸಾಮೂಹಿಕ ದಾವೆಯೊಂದನ್ನು ಗೂಗಲ್ 9 ಕೋಟಿ ಡಾಲರಿಗೆ ಇತ್ಯರ್ಥ ಮಾಡಿಕೊಂಡಿತು. ಅಲ್ಲಿಗೆ ಪಾಠ ಕಲಿಯಬಹುದಿತ್ತು. ಅದೇ ಹೊತ್ತಿಗೆ ಮೊಬೈಲ್ ಬಂತು.

2006ರಲ್ಲಿ ಅಮೆರಿಕದಲ್ಲಿ ಆ್ಯಡ್‌ಮಾಬ್ ಎಂಬ ಮೊಬೈಲ್ ಜಾಹೀರಾತು ಜಾಲ ಶುರುವಾಯಿತು. ಮರುವರ್ಷ ಭಾರತದಲ್ಲಿ ಎಂಖೋಜ್ ಹುಟ್ಟಿತು. ಇನ್‌ಮೊಬಿ ಎಂದು ಹೆಸರು ಬದಲಿಸಿಕೊಂಡು ಬೆಂಗಳೂರಿನಿಂದಲೇ ಜಗತ್ತಿನ ದೊಡ್ಡ ಮೊಬೈಲ್ ಜಾಹೀರಾತು ಜಾಲಗಳಲ್ಲಿ ಒಂದಾಯಿತು. 2008ರಲ್ಲಿ ಆಪಲ್ ಆ್ಯಪ್ ಸ್ಟೋರ್ ತೆರೆದ ಮೇಲೆ ಲೆಕ್ಕ ಮತ್ತೊಮ್ಮೆ ಬದಲಾಯಿತು. ಕ್ಲಿಕ್ಕಿಗಲ್ಲ, ಆ್ಯಪ್ ಇನ್‌ಸ್ಟಾಲ್ ಆದರೆ ಹಣ. ಕ್ಲಿಕ್ಕಿನಷ್ಟು ಸುಲಭವಾಗಿ ಇನ್‌ಸ್ಟಾಲನ್ನು ನಕಲು ಮಾಡಲಾಗದು ಎಂದು ಎಲ್ಲರೂ ನಂಬಿದ್ದರು. ನಕಲು ಮಾಡುವ ಅಗತ್ಯವೇ ಇರಲಿಲ್ಲ, ಅಸಲಿ ಇನ್‌ಸ್ಟಾಲನ್ನೇ ಕದಿಯಬಹುದಿತ್ತು.

ಈ ಕಳವು ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಬ್ಬ ಹುಡುಗಿ ಗೆಳತಿಯ ಮಾತು ಕೇಳಿ ತನ್ನ ಆಂಡ್ರಾಯ್ಡ್ ಫೋನಿನಲ್ಲಿ ಟ್ಯಾಕ್ಸಿ ಆ್ಯಪ್ ಇಳಿಸಿಕೊಳ್ಳುತ್ತಾಳೆ ಎನ್ನಿ. ಅವಳು ಯಾವ ಜಾಹೀರಾತನ್ನೂ ನೋಡಿಲ್ಲ. ಆದರೆ ಅದೇ ಫೋನಿನಲ್ಲಿ ಎಂದೋ ಹಾಕಿಕೊಂಡ ಟಾರ್ಚ್ ಆ್ಯಪ್ ಒಂದಿದೆ. ಹೊಸ ಆ್ಯಪ್ ಸೇರಿದಾಗ ಆಂಡ್ರಾಯ್ಡ್ ವ್ಯವಸ್ಥೆ ಉಳಿದ ಆ್ಯಪ್‌ಗಳಿಗೂ ಸುದ್ದಿ ಮುಟ್ಟಿಸುತ್ತಿತ್ತು. ಟಾರ್ಚ್ ಆ್ಯಪ್ ಆ ಸುದ್ದಿಗಾಗಿಯೇ ಕಾದಿರುತ್ತದೆ. ಅವಳು ಟ್ಯಾಕ್ಸಿ ಆ್ಯಪನ್ನು ಮೊದಲ ಸಲ ತೆರೆಯುವ ಮುಂಚಿನ ಕೆಲವೇ ಕ್ಷಣಗಳಲ್ಲಿ, ಅವಳ ಹೆಸರಿನಲ್ಲಿ, ಅವಳು ಎಂದೂ ಮಾಡದ ಒಂದು ಕ್ಲಿಕ್ಕನ್ನು ಜಾಹೀರಾತು ಜಾಲಕ್ಕೆ ಕಳಿಸುತ್ತದೆ. ಕೊನೆಯ ಕ್ಲಿಕ್ ಯಾರದೋ ಇನಾಮು ಅವರದು ಎಂಬುದು ಈ ವ್ಯವಹಾರದ ನಿಯಮ. ಗೆಳತಿಯ ಮಾತಿನ ಫಲ ಟಾರ್ಚ್ ಆ್ಯಪ್ ಒಡೆಯನ ಖಾತೆಗೆ ಜಮೆಯಾಗುತ್ತದೆ. ಇದಕ್ಕೆ ಕ್ಲಿಕ್ ಇಂಜೆಕ್ಷನ್ ಎಂದು ಹೆಸರು.

ಇದನ್ನು ಹಿಡಿದದ್ದು ಗಡಿಯಾರದಿಂದ. ಕ್ಲಿಕ್ಕಿಗೂ ಆ್ಯಪ್ ಮೊದಲ ಬಾರಿ ತೆರೆದುಕೊಳ್ಳುವುದಕ್ಕೂ ನಡುವಿನ ಸಮಯವನ್ನು ಸಾವಿರಾರು ಇನ್‌ಸ್ಟಾಲ್‌ಗಳಿಗೆ ಜೋಡಿಸಿ ನೋಡಿದರೆ, ಕೆಲವು ಮೂಲಗಳಿಂದ ಬಂದವು ಎರಡು ಮೂರು ಸೆಕೆಂಡಿನೊಳಗೇ ಗುಂಪುಗೂಡಿರುತ್ತಿದ್ದವು. ಹತ್ತಾರು ಎಂಬಿ ಗಾತ್ರದ ಆ್ಯಪ್ ಅಷ್ಟರಲ್ಲಿ ಇಳಿದು ತೆರೆದುಕೊಳ್ಳುವುದು ಅಸಾಧ್ಯ. 2017ರ ಕೊನೆಗೆ ಗೂಗಲ್, ಕ್ಲಿಕ್ ಆದ ಹೊತ್ತು ಮತ್ತು ಇಳಿಕೆ ಶುರುವಾದ ಹೊತ್ತು ಎರಡನ್ನೂ ತಾನೇ ದೃಢಪಡಿಸುವ ವ್ಯವಸ್ಥೆ ಕೊಟ್ಟ ಮೇಲೆ ಕ್ಲಿಕ್ಕು ಇಳಿಕೆಗಿಂತ ತಡವಾಗಿ ಬಂದಿದೆಯೆಂದು ಸಾಬೀತು ಮಾಡುವುದು ಸುಲಭವಾಯಿತು. ಆದರೂ 2018ರ ನವೆಂಬರ್‌ನಲ್ಲಿ ಕೊಚಾವಾ ಎಂಬ ವಿಶ್ಲೇಷಣಾ ಸಂಸ್ಥೆಯ ತನಿಖೆಯನ್ನು ಆಧರಿಸಿ ಬಝ್‌ಫೀಡ್ ನ್ಯೂಸ್ ವರದಿ ಮಾಡಿದಾಗ, ಚೀನಾದ ಚೀತಾ ಮೊಬೈಲ್ ಮತ್ತು ಕೀಕಾ ಕಂಪನಿಗಳ ಎಂಟು ಆ್ಯಪ್‌ಗಳ ಮೇಲೆ ಇದೇ ಆರೋಪ ಬಂತು. ಅವು ಒಟ್ಟು 200 ಕೋಟಿ ಬಾರಿ ಡೌನ್‌ಲೋಡ್ ಆಗಿದ್ದ ಆ್ಯಪ್‌ಗಳು. ಬೇರೆಯವರ ಸಾಫ್ಟ್‌ವೇರ್ ತುಣುಕಿನ ತಪ್ಪು ಎಂದು ಚೀತಾ ಸಮಜಾಯಿಷಿ ಕೊಟ್ಟಿತು. 2020ರ ಫೆಬ್ರವರಿಯಲ್ಲಿ ಗೂಗಲ್ ಪ್ಲೇ ಸ್ಟೋರ್‌ನಿಂದ ಸುಮಾರು 600 ಆ್ಯಪ್‌ಗಳನ್ನು ಕಿತ್ತು ಹಾಕಿದಾಗ ಚೀತಾದವೂ ಅದರಲ್ಲಿದ್ದವು.

ಕದಿಯುವುದಕ್ಕಿಂತ ಸೃಷ್ಟಿಸುವುದೇ ಲಾಭ ಎಂದುಕೊಂಡವರೂ ಇದ್ದರು. 2017ರ ಜೂನ್‌ನಲ್ಲಿ ಥಾಯ್ಲೆಂಡ್ ಪೊಲೀಸರು ಕಾಂಬೋಡಿಯಾ ಗಡಿಯ ಬಳಿಯ ಮನೆಯೊಂದಕ್ಕೆ ನುಗ್ಗಿದಾಗ, ಕಪಾಟುಗಳಲ್ಲಿ ಸಾಲಾಗಿ ನಿಲ್ಲಿಸಿದ್ದ ಸುಮಾರು 500 ಫೋನ್‌ಗಳೂ 3 ಲಕ್ಷಕ್ಕೂ ಹೆಚ್ಚು ಸಿಮ್ ಕಾರ್ಡ್‌ಗಳೂ ಸಿಕ್ಕವು. ಚೀನಾದ ಮೂವರು ಅಲ್ಲಿ ಕೂತು ವಿಚಾಟ್ ಆ್ಯಪ್‌ನಲ್ಲಿನ ಸರಕುಗಳಿಗೆ ಲೈಕ್ ಉತ್ಪಾದಿಸುತ್ತಿದ್ದರು. ಇನ್ನೂ ಮುಂದೆ ಹೋದವರಿಗೆ ಫೋನೂ ಬೇಡವಾಯಿತು. ಸರ್ವರಿನಿಂದಲೇ ಇನ್‌ಸ್ಟಾಲ್ ಆಯಿತು ಎಂಬ ಸುಳ್ಳು ಸಂದೇಶ ಕಳಿಸಿದರು. ಮತ್ತೊಂದು ತಂಡ ಜನಪ್ರಿಯ ಆ್ಯಪ್‌ಗಳನ್ನು ಅವುಗಳ ಮಾಲೀಕರಿಂದಲೇ ಕೊಂಡು, ಅವುಗಳ ಅಸಲಿ ಬಳಕೆದಾರರು ಹೇಗೆ ಬೆರಳಾಡಿಸುತ್ತಾರೆಂದು ದಾಖಲಿಸಿಕೊಂಡು, ಅದೇ ನಡವಳಿಕೆಯನ್ನು ಬಾಟ್ ಎಂಬ ಸ್ವಯಂಚಾಲಿತ ಪ್ರೋಗ್ರಾಂಗಳಿಗೆ ಕಲಿಸಿತು. 2018ರ ಅಕ್ಟೋಬರ್‌ನಲ್ಲಿ ಬಯಲಾದ ಆ ಜಾಲದಲ್ಲಿ 125ಕ್ಕೂ ಹೆಚ್ಚು ಆ್ಯಪ್ ಮತ್ತು ತಾಣಗಳಿದ್ದವು. ನಿಜವಾದ ಜನರ ನಡವಳಿಕೆಯನ್ನು ಅವರಿಗೇ ಗೊತ್ತಿಲ್ಲದಂತೆ ಕಳ್ಳರ ಪಠ್ಯಪುಸ್ತಕ ಮಾಡಿದ್ದು ನನಗೆ ಈ ಇಡೀ ಚರಿತ್ರೆಯಲ್ಲೇ ಅತ್ಯಂತ ಅಸಹ್ಯ ಹುಟ್ಟಿಸುವ ಅಧ್ಯಾಯ.

ಆಮೇಲಿನ ಪ್ರಕರಣಗಳಲ್ಲಿ ಬೆಳೆದದ್ದು ಗಾತ್ರ. 2023ರ ಜನವರಿಯಲ್ಲಿ ಹ್ಯೂಮನ್ ಸೆಕ್ಯುರಿಟಿ ಸಂಸ್ಥೆ ಬಯಲಿಗೆಳೆದ ವಾಸ್ಟ್‌ಫ್ಲಕ್ಸ್ ಜಾಲ 1,700 ಆ್ಯಪ್‌ಗಳ ಹೆಸರನ್ನು ದುರ್ಬಳಕೆ ಮಾಡಿಕೊಂಡು, ಸುಮಾರು 1.1 ಕೋಟಿ ಸಾಧನಗಳಲ್ಲಿ ಒಂದರ ಹಿಂದೊಂದು ಅಡಗಿಸಿಟ್ಟ ವಿಡಿಯೊ ಜಾಹೀರಾತು ಓಡಿಸುತ್ತಿತ್ತು. ನೋಡುವವರಿಗೆ ಕಾಣುತ್ತಿದ್ದುದು ಹೆಚ್ಚೆಂದರೆ ಮೇಲಿನ ಒಂದು. ಶಿಕ್ಷೆ ಆದದ್ದು ಬಲು ಅಪರೂಪ. ಮೆಥ್‌ಬಾಟ್ ಎಂಬ ಜಾಲ ನಡೆಸಿದ ರಷ್ಯಾದ ಅಲೆಕ್ಸಾಂಡರ್ ಝುಕೋವ್‌ಗೆ ನ್ಯೂಯಾರ್ಕ್‌ನ ನ್ಯಾಯಾಲಯ 2021ರಲ್ಲಿ 10 ವರ್ಷ ಜೈಲು ವಿಧಿಸಿದ್ದು ಆ ಅಪರೂಪಗಳಲ್ಲಿ ಒಂದು.

ಇಷ್ಟೆಲ್ಲ ಗೊತ್ತಿದ್ದೂ ಮೋಸ ಯಾಕೆ ನಿಲ್ಲಲಿಲ್ಲ? ಏಜೆನ್ಸಿ, ಜಾಲ, ಹರಾಜು ಕಟ್ಟೆ, ಮಧ್ಯವರ್ತಿ ಎಲ್ಲರ ಕಮಿಷನ್ನೂ ಎಣಿಕೆಯ ಮೇಲೆಯೇ ನಿಂತಿದೆ. ಸುಳ್ಳು ಎಣಿಕೆಯನ್ನು ಕಳೆದರೆ ಪ್ರತಿಯೊಬ್ಬರ ಪಾಲೂ ಕಡಿಮೆಯಾಗುತ್ತದೆ. 2020ರಲ್ಲಿ ಬ್ರಿಟನ್ನಿನ ಜಾಹೀರಾತುದಾರರ ಸಂಘ ಪಿಡಬ್ಲ್ಯುಸಿ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯಿಂದ ಲೆಕ್ಕ ಹಾಕಿಸಿದಾಗ, ಖರ್ಚಾದ ಹಣದಲ್ಲಿ ಪ್ರಕಾಶಕರ ಕೈಸೇರಿದ್ದು ಶೇ 51 ಮಾತ್ರ. ಶೇ 15 ಎಲ್ಲಿ ಹೋಯಿತೆಂದು ಲೆಕ್ಕಿಗರಿಗೂ ಪತ್ತೆ ಹಚ್ಚಲಾಗಲಿಲ್ಲ. ಜಾಹೀರಾತು ಜಾಗ ಮಾರಲು ಯಾರಿಗೆ ಅಧಿಕಾರವಿದೆ ಎಂದು ಬಹಿರಂಗ ಪಟ್ಟಿ ಇಡುವ ಪದ್ಧತಿ 2017ರಲ್ಲಿ ತಾಣಗಳಿಗೂ 2019ರಲ್ಲಿ ಆ್ಯಪ್‌ಗಳಿಗೂ ಬಂತು. ಅದು ಒಳ್ಳೆಯ ಕೆಲಸ, ಪ್ರಯೋಜನವೂ ಆಗಿದೆ. ಆದರೆ ಆ ಪಟ್ಟಿ ಮಾರುವವನ ಗುರುತನ್ನಷ್ಟೇ ಹೇಳುತ್ತದೆ. ನೋಡಿದವನು ಮನುಷ್ಯನೋ ಅಲ್ಲವೋ ಹೇಳುವುದಿಲ್ಲ.

ಇನ್ನು ಸಮಾಜದ ಲಾಭ. ಇದರ ಬಗ್ಗೆ ಅರ್ಥಶಾಸ್ತ್ರದಲ್ಲಿ ಹಳೆಯ ಜಗಳವಿದೆ. ಇಲ್ಲದ ಆಸೆಯನ್ನು ಹುಟ್ಟಿಸಿ ಅದನ್ನೇ ಪೂರೈಸುವ ವ್ಯವಸ್ಥೆ ಇದು ಎಂದು 1958ರಲ್ಲಿ ಗಾಲ್‌ಬ್ರೇತ್ ವಾದಿಸಿದರು. ಜಾಹೀರಾತು ಗ್ರಾಹಕನ ಹುಡುಕಾಟದ ಖರ್ಚು ಉಳಿಸುತ್ತದೆ ಎಂದು 1961ರಲ್ಲಿ ಸ್ಟಿಗ್ಲರ್ ತೋರಿಸಿದರು. ಈ ಎರಡನೆಯ ಪಕ್ಷಕ್ಕೆ ಗಟ್ಟಿ ಸಾಕ್ಷ್ಯ ಕೊಟ್ಟವರು ಲೀ ಬೆನ್‌ಹಮ್. ಅಮೆರಿಕದ ಕೆಲವು ರಾಜ್ಯಗಳಲ್ಲಿ ಕನ್ನಡಕದ ಜಾಹೀರಾತಿಗೆ ನಿಷೇಧವಿತ್ತು, ಕೆಲವೆಡೆ ಇರಲಿಲ್ಲ. 1972ರ ಅವರ ಅಧ್ಯಯನದ ಪ್ರಕಾರ ನಿಷೇಧವಿದ್ದ ಕಡೆ ಕನ್ನಡಕದ ಬೆಲೆ ಕಾಲುಭಾಗದಷ್ಟು ಹೆಚ್ಚಿತ್ತು, ಕೆಲವು ಹೋಲಿಕೆಗಳಲ್ಲಿ ದುಪ್ಪಟ್ಟಿಗೂ ಮೀರಿತ್ತು. ಇದನ್ನು ಓದಿದ ಮೇಲೆ ಜಾಹೀರಾತೆಲ್ಲ ಕೇಡು ಎಂದು ಯಾರೂ ಹೇಳಲಾರರು. ಪಕ್ಕದ ಬೀದಿಯಲ್ಲಿ ಅದೇ ಕನ್ನಡಕ ಅಗ್ಗಕ್ಕೆ ಸಿಗುತ್ತದೆ ಎಂಬ ಸುದ್ದಿ ಬಡವನಿಗೆ ಉಪಕಾರ.

ಆದರೆ ಆ ಉಪಕಾರ ಆಗಬೇಕಾದರೆ ಸುದ್ದಿ ಮನುಷ್ಯನಿಗೆ ಮುಟ್ಟಬೇಕು, ಅವನಿಗೆ ಮೊದಲೇ ಗೊತ್ತಿರದದ್ದೂ ಆಗಿರಬೇಕು. ಬಾಟ್‌ಗೆ ಕನ್ನಡಕ ಬೇಡ. ಮೋಸವೇ ಇಲ್ಲದ ಕಡೆಯೂ ಎರಡನೆಯ ಷರತ್ತು ಈಡೇರದೆ ಹೋಗಬಹುದು. ಈಬೇ ಕಂಪನಿಯ ಮೇಲೆ ಬ್ಲೇಕ್, ನಾಸ್ಕೊ ಮತ್ತು ಟಡೆಲಿಸ್ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹುಡುಕುತಾಣದಲ್ಲಿ ಕಂಪನಿಯದೇ ಹೆಸರು ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತನ್ನು ನಿಲ್ಲಿಸಿದರೆ ಹೆಚ್ಚುಕಡಿಮೆ ಎಲ್ಲರೂ ಕೆಳಗಿದ್ದ ಉಚಿತ ಕೊಂಡಿಯಿಂದಲೇ ಬಂದರು. ಕ್ಲಿಕ್ಕುಗಳೆಲ್ಲ ಅಸಲಿ, ಪ್ರಯೋಜನ ಮಾತ್ರ ಶೂನ್ಯ. ಊಬರ್ ಕಳೆದುಕೊಂಡ ಹಣಕ್ಕೂ ಈಬೇ ಕಳೆದುಕೊಂಡ ಹಣಕ್ಕೂ ಕಾನೂನಿನ ದೃಷ್ಟಿಯಲ್ಲಿ ಬಹಳ ವ್ಯತ್ಯಾಸವಿದೆ. ಸಮಾಜದ ದೃಷ್ಟಿಯಲ್ಲಿ ಅಷ್ಟಿಲ್ಲ.

ಜಾಹೀರಾತು ಇರುವುದರಿಂದಲೇ ಅಂತರ್ಜಾಲ ಪುಕ್ಕಟೆ ಎಂಬ ವಾದವೂ ಇದೆ. ಅದರಲ್ಲಿ ಅರ್ಧ ಸತ್ಯವಿದೆ. ನಕಾಶೆ, ಇಮೇಲ್, ವಿಡಿಯೊ ನಮಗೆ ದುಡ್ಡಿಲ್ಲದೆ ಸಿಕ್ಕಿವೆ. ಇನ್ನರ್ಧವನ್ನು 2019ರ ಡ್ರೇನರ್‌ಬಾಟ್ ತೋರಿಸಿತು. ಒರಾಕಲ್ ಪತ್ತೆ ಮಾಡಿದ ಆ ಸಾಫ್ಟ್‌ವೇರ್ ಸೇರಿಕೊಂಡ ಆ್ಯಪ್‌ಗಳು ಯಾರೂ ನೋಡದ ವಿಡಿಯೊ ಜಾಹೀರಾತುಗಳನ್ನು ಹಿನ್ನೆಲೆಯಲ್ಲಿ ಇಳಿಸಿಕೊಳ್ಳುತ್ತ ತಿಂಗಳಿಗೆ 10 ಜಿಬಿಗೂ ಹೆಚ್ಚು ಡೇಟಾ ನುಂಗಬಲ್ಲವಾಗಿದ್ದವು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿಕೊಳ್ಳುವವನ ವಾರದ ಡೇಟಾ ಅದು. ಬೆಲೆ ಖಾಸಗಿತನದಲ್ಲೂ ತೆತ್ತಿದ್ದೇವೆ. ಬಳಕೆದಾರರ ಒಪ್ಪಿಗೆಯಿಲ್ಲದೆ, ಮಕ್ಕಳದೂ ಸೇರಿ, ಇರುವ ಸ್ಥಳವನ್ನು ಪತ್ತೆ ಹಚ್ಚಿದ ಆರೋಪದಲ್ಲಿ ನಮ್ಮ ಬೆಂಗಳೂರಿನ ಇನ್‌ಮೊಬಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 9.5 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿಕೊಂಡಿತು.

ಈಚಿನ ವರ್ಷಗಳಲ್ಲಿ ಮೋಸ ದಿಕ್ಕು ಬದಲಿಸಿದೆ. ಮೊದಲು ಮೋಸ ಹೋಗುತ್ತಿದ್ದವನು ಜಾಹೀರಾತುದಾರ. ಈಗ ಮೋಸಗಾರನೇ ಜಾಹೀರಾತುದಾರ. ಎನ್.ಆರ್. ನಾರಾಯಣಮೂರ್ತಿಯವರ ಮುಖ, ದನಿಗಳನ್ನು ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿ ಹೂಡಿಕೆ ಆ್ಯಪ್‌ಗಳನ್ನು ಮಾರುವ ವಿಡಿಯೊಗಳು ಹರಿದಾಡಿದಾಗ, ನಂಬಬೇಡಿ ಎಂದು ಅವರೇ 2023ರ ಡಿಸೆಂಬರ್‌ನಲ್ಲಿ ಎಚ್ಚರಿಸಬೇಕಾಯಿತು. 2022ರ ಸೆಪ್ಟೆಂಬರ್‌ನಿಂದ ಒಂದೇ ವರ್ಷದಲ್ಲಿ ಪ್ಲೇ ಸ್ಟೋರ್‌ನಿಂದ 2,200ಕ್ಕೂ ಹೆಚ್ಚು ವಂಚಕ ಸಾಲದ ಆ್ಯಪ್‌ಗಳನ್ನು ಗೂಗಲ್ ತೆಗೆದುಹಾಕಿದೆ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. 2025ರ ನವೆಂಬರ್‌ನಲ್ಲಿ ರಾಯಿಟರ್ಸ್ ಪ್ರಕಟಿಸಿದ ಆಂತರಿಕ ದಾಖಲೆಗಳ ಪ್ರಕಾರ, ತನ್ನ 2024ರ ಆದಾಯದ ಸುಮಾರು ಶೇ 10ರಷ್ಟು ವಂಚನೆ ಹಾಗೂ ನಿಷೇಧಿತ ಸರಕಿನ ಜಾಹೀರಾತುಗಳಿಂದ ಬರುತ್ತದೆಂದು ಮೆಟಾ ಕಂಪನಿಯೇ ಅಂದಾಜು ಮಾಡಿತ್ತು. ಆ ಅಂದಾಜು ವಿಪರೀತವಾದದ್ದು ಎಂದು ಮೆಟಾ ಹೇಳಿತು.

ಕಾನೂನು ಇಲ್ಲವೆಂದಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವಿದೆ. ಆದರೆ ಕಾನೂನಿನ ಕಣ್ಣು ಜಾಹೀರಾತು ಹೇಳುವ ಮಾತಿನ ಮೇಲಿದೆ, ಅದನ್ನು ಎಣಿಸುವವನ ಮೇಲೆ ಇಲ್ಲ. ಈ ಎಣಿಕೆ ಈಗ ನಮ್ಮ ತೆರಿಗೆ ಹಣದ ಬಾಗಿಲಿಗೂ ಬಂದಿದೆ. ಕೇಂದ್ರ ಸರ್ಕಾರ 2023ರಲ್ಲಿ, ಕರ್ನಾಟಕ ಸರ್ಕಾರ 2024ರಲ್ಲಿ ಡಿಜಿಟಲ್ ಜಾಹೀರಾತು ನೀತಿ ತಂದವು. ಬಳಕೆದಾರರ, ಹಿಂಬಾಲಕರ ಸಂಖ್ಯೆಯೇ ಅರ್ಹತೆಗೆ ಅಳತೆಗೋಲು. ಪತ್ರಿಕೆಗೆ ಪ್ರಸಾರ ತಪಾಸಣೆ ಬೇಕೆಂದು ಕೇಳುವ ವಾರ್ತಾ ಇಲಾಖೆ ಆ್ಯಪ್ ಮತ್ತು ತಾಣಗಳಿಗೂ ಅಷ್ಟೇ ಬಿಗಿಯಾದ ಸ್ವತಂತ್ರ ತಪಾಸಣೆ ಕಡ್ಡಾಯ ಮಾಡಲಿ. ಯಾವ ಜಾಹೀರಾತಿಗೆ, ಯಾರಿಗೆ, ಎಷ್ಟು ಕೊಟ್ಟಿತು, ಅದನ್ನು ನೋಡಿದವರು ಮನುಷ್ಯರೇ ಎಂದು ಯಾರು ಪರೀಕ್ಷಿಸಿದರು ಎಂಬುದನ್ನು ಮೂರು ತಿಂಗಳಿಗೊಮ್ಮೆ ಕನ್ನಡದಲ್ಲೇ ಪ್ರಕಟಿಸಲಿ. ಸರ್ಕಾರ ಪ್ರಕಟಿಸದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳುವ ಅಧಿಕಾರ ಓದುಗರಾದ ನಿಮಗಿದೆ, ದಯವಿಟ್ಟು ಕೇಳಿ.