ಚಿನ್ನದ ಗಣಿಯ ಪ್ರಾಂತವೂ ವಿದ್ಯಾಸಹಾಯವೂ

ವಿದ್ಯೆಗೆ ಧನವೇ ಮೂಲವಲ್ಲವಾದರೂ ಧನವಿಲ್ಲದೆ ವಿದ್ಯಾಲಯದ ಹೊಸ್ತಿಲನ್ನು ದಾಟುವುದು ಕಷ್ಟವೆಂಬುದು ಸರ್ವವಿದಿತವಾದ ಸಂಗತಿ. ಹುಟ್ಟುಬಡವನಾದ ವಿದ್ಯಾರ್ಥಿಯ ಕಷ್ಟವು ಎಲ್ಲರ ಕಣ್ಣಿಗೂ ಬೀಳುವುದು. ನಿನ್ನೆಯವರೆಗೆ ಉಣ್ಣಲು ಉಡಲು ಸಾಲುವಷ್ಟಿದ್ದು, ಓದಿನ ನಡುವೆ ಮನೆಯ ವರಮಾನವು ಥಟ್ಟನೆ ಕುಗ್ಗಿದವನ ಕಷ್ಟವಾದರೋ ಬೇಗನೆ ಕಾಣದು. ಅವನ ಮೈಮೇಲಿನ ಬಟ್ಟೆಯೂ ಕೈಯಲ್ಲಿರುವ ಕಾಗದಪತ್ರವೂ ಹಳೆಯ ಸ್ಥಿತಿಯನ್ನೇ ಹೇಳುತ್ತಿರುವುವು. ಈ ವಿಷಯವನ್ನು ತಿಳಿಯಲು ಕೋಲಾರದ ಚಿನ್ನದ ಗಣಿಯ ಪ್ರಾಂತಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಅಪೂರ್ವ.

1880ರಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಕಂಪೆನಿಯವರು ಇಲ್ಲಿ ಗಣಿಯ ಕೆಲಸವನ್ನು ಕೈಗೊಂಡರು. ಮೈಸೂರಿನ ಕಮಿಷನರಾಗಿದ್ದ ಬೌರಿಂಗರ ಹೆಸರಿನಿಂದ ಬೌರಿಂಗ್‌ಪೇಟೆಯೆನಿಸಿಕೊಂಡಿದ್ದ ಊರು, ಮುಂದೆ ಜನರ ನಾಲಗೆಯಲ್ಲಿ ಬಂಗಾರಪೇಟೆಯಾಯಿತು. ಅಲ್ಲಿಂದ ಗಣಿಗಳಿಗೆ ರೈಲು ಹರಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಬಂದಿತು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಗೆ ಸೇರಿದುವು. ನೆಲದಡಿಯಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕು ಇಳಿದು ದುಡಿದವರಲ್ಲಿ ಅನೇಕರು, ತಮ್ಮ ಮಕ್ಕಳು ಗಣಿಗೆ ಇಳಿಯದೆ ಕಾಲೇಜಿನ ಮೆಟ್ಟಿಲು ಹತ್ತಬೇಕೆಂದು ಆಶಿಸಿದರು.

28 ಫೆಬ್ರವರಿ 2001ರಂದು ಗಣಿಗಳು ಮುಚ್ಚಲ್ಪಟ್ಟುವು. ತಂದೆಯ ಸಂಬಳವು ನಿಂತಿತು. ಮಕ್ಕಳ ಶುಲ್ಕವು ನಿಲ್ಲಲಿಲ್ಲ. ಬೆಳಗಿನ ಜಾವದ ರೈಲಿನಲ್ಲಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂದಿರುಗುವುದು ಸಹಸ್ರಾರು ಕುಟುಂಬಗಳ ಜೀವನಕ್ರಮವಾಯಿತು. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ರಿಸರ್ವ್ ಬ್ಯಾಂಕು ವಿದ್ಯಾಭ್ಯಾಸದ ಸಾಲದ ಯೋಜನೆಯನ್ನು ಬ್ಯಾಂಕುಗಳಿಗೆ ಕಳುಹಿಸಿತು. ನಾಲ್ಕು ಲಕ್ಷ ರೂಪಾಯಿಗಳವರೆಗಿನ ಸಾಲಕ್ಕೆ ಅಡವು ಬೇಕಿರಲಿಲ್ಲ. ಆದರೂ ಪತ್ರಕ್ಕೆ ತಂದೆಯೂ ರುಜು ಹಾಕಬೇಕಾಗಿದ್ದಿತು. ಕೆಲಸ ಕಳೆದುಕೊಂಡವನಿಗೆ ಆ ರುಜುವೇ ಭಾರವೆಂಬುದನ್ನು ವಿವರಿಸಬೇಕಾಗಿಲ್ಲ.

ಕಷ್ಟಕಾಲದ ವಿದ್ಯಾರ್ಥಿಗೆ ನೆರಳಾಗುವ ಕಾರ್ಯವು ಕನ್ನಡ ನಾಡಿಗೆ ಹೊಸತಲ್ಲ. ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಛತ್ರವನ್ನು ಕಟ್ಟಿಸಿ, ಬಡ ವಿದ್ಯಾರ್ಥಿಗಳ ವಸತಿಗೂ ಆಧಾರವನ್ನು ಕಲ್ಪಿಸಿದರು. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಸಂಪತ್ತನ್ನು ವಿದ್ಯೆಗಾಗಿ ಮುಡುಪಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಷನ್ ಸೊಸೈಟಿಯು ಉದಯಿಸಿತು. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1930ರಿಂದ 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿಮತಗಳ ಭೇದವಿಲ್ಲದೆ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನಡೆಯಿಸಿಕೊಂಡು ಬಂದರು. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು, ಹೋದ ವರ್ಷ ನಿನ್ನ ಮನೆಯಲ್ಲಿ ಎಷ್ಟು ವರಮಾನವಿದ್ದಿತೆಂದು ಯಾರೂ ಕೇಳುವುದಿಲ್ಲ. ಇಂದಿನ ಹಸಿವೇ ಅಲ್ಲಿ ಪ್ರಮಾಣ.

ಸರ್ಕಾರದ ಸಹಾಯಕ್ಕಾದರೋ ಪತ್ರವೇ ಪ್ರಮಾಣ. ವಿದ್ಯಾರ್ಥಿವೇತನ, ಶುಲ್ಕವಿನಾಯಿತಿ, ವಿದ್ಯಾರ್ಥಿನಿಲಯ, ನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗದವರಿಗೆ ತಿಂಗಳಿಗೆ 1,500 ರೂಪಾಯಿಗಳಂತೆ ಏರ್ಪಡಿಸಲಾದ ವಿದ್ಯಾಸಿರಿ, ಇವೆಲ್ಲಕ್ಕೂ ಆದಾಯದ ಮಿತಿಯುಂಟು. 2009ರ ಬಡ್ಡಿ ಸಹಾಯಧನಕ್ಕೆ ಕುಟುಂಬದ ವಾರ್ಷಿಕ ಆದಾಯವು ನಾಲ್ಕೂವರೆ ಲಕ್ಷವನ್ನು ಮೀರಿರಬಾರದೆಂದು ವಿಧಿಸಲಾಯಿತು. ಕರ್ನಾಟಕದಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರವು ಐದು ವರ್ಷಗಳವರೆಗೆ ಸಲ್ಲುವುದು. ಈ ಅವಧಿಯು ಬಡವನಿಗೆ ಪದೇ ಪದೇ ಕಚೇರಿಗೆ ಅಲೆಯುವುದನ್ನು ತಪ್ಪಿಸುವುದು ನಿಜ. ಆದರೆ ನಡುವೆ ಮನೆಯ ಸ್ಥಿತಿಯು ಕೆಟ್ಟಲ್ಲಿ, ಹಳೆಯ ಪತ್ರವು ಹಳೆಯ ಸಂಬಳವನ್ನೇ ಸಾರುತ್ತಿರುವುದು. ಆದುದರಿಂದ ಅಂತಹವರು ಸುಮ್ಮನಿರದೆ, ಕೆಲಸ ನಿಂತ ಆಜ್ಞೆ, ಬ್ಯಾಂಕಿನ ಪಾಸ್‌ಪುಸ್ತಕ, ಸಂಪಾದಿಸುವವರು ಗತಿಸಿದ್ದಲ್ಲಿ ಮರಣಪತ್ರ, ಇವುಗಳೊಡನೆ ನಾಡಕಚೇರಿಯಲ್ಲಿ ಹೊಸ ಪತ್ರಕ್ಕೆ ಅರ್ಜಿ ಸಲ್ಲಿಸುವುದೂ, ಅದರ ಪ್ರತಿಯೊಡನೆ ಪ್ರಾಂಶುಪಾಲರಿಗೆ ಬಿನ್ನವಿಸಿ ಶುಲ್ಕಕ್ಕೆ ಕಂತುಗಳನ್ನೋ ರಿಯಾಯಿತಿಯನ್ನೋ ಬೇಡುವುದೂ ಯುಕ್ತವಾದ ಮಾರ್ಗ. ಕೆಲಸ ಬಿಡುವಾಗ ಕೈಸೇರಿದ ಪರಿಹಾರದ ಗಂಟು ಇದ್ದರೆ ಅದನ್ನು ಮರೆಮಾಚಬಾರದು. ಅದು ಒಂದು ಸಲ ಬಂದ ಹಣವೇ ಹೊರತು ವರ್ಷವರ್ಷವೂ ಬರುವ ವರಮಾನವಲ್ಲವೆಂದು ಬಿಡಿಸಿ ಬರೆಯಬೇಕು.

ದುಡಿದು ಬಾಳಿದ ಮನೆಯ ಮಕ್ಕಳಿಗೆ ಬೇಡುವ ಅಭ್ಯಾಸವಿರುವುದಿಲ್ಲ. ಅವರು ಸಂಕೋಚದಿಂದ ಮೌನವಾಗಿ ಕಾಲೇಜನ್ನು ಬಿಡುವರು. ಹಾಜರಿಪುಸ್ತಕದಲ್ಲಿ ಒಂದು ಹೆಸರು ಅಳಿಯುವುದು. ಅಷ್ಟರೊಳಗೆ ಅವರನ್ನು ಗುರುತಿಸುವುದು ದಾನಿಗಳ ಕರ್ತವ್ಯ. ವರ್ಷಾರಂಭದಲ್ಲಿಯೇ ನಿಧಿಯನ್ನೆಲ್ಲ ಹಂಚಿಬಿಡದೆ, ನಡುವರ್ಷದ ಆಪತ್ತಿಗಾಗಿ ಒಂದಂಶವನ್ನು ಕಾದಿರಿಸುವುದು ಎಲ್ಲ ವಿದ್ಯಾಸಂಸ್ಥೆಗಳಿಗೂ ವಿದ್ಯಾರ್ಥಿನಿಲಯಗಳಿಗೂ ಭೂಷಣ. ಚಿನ್ನದ ಗಣಿಯು ಬರಿದಾಗಬಹುದು. ಆ ನೆಲದ ಮಕ್ಕಳ ಬುದ್ಧಿಯು ಬರಿದಾಗದಂತೆ ಕಾಯುವುದು ಸಮಾಜದ ಕಾಯಕವೆಂಬುದೇ ಈ ಚರಿತ್ರೆಯ ಸಾರ.