ಕಂಡದ್ದೆಲ್ಲ ಸಾಂತಾಕ್ರೂಜ್ ಅಲ್ಲ

1953ರ ಜುಲೈ 15ರಂದು ಬ್ರಿಟಿಷ್ ಸಂಸ್ಥೆ ಬಿಒಎಸಿಯ ಕಾಮೆಟ್ ವಿಮಾನವೊಂದು ಮುಂಬಯಿಯಲ್ಲಿ ಇಳಿಯಿತು. ಕಾಮೆಟ್ ಎಂದರೆ ಆ ಕಾಲದ ಬೆರಗು. ಜಗತ್ತಿನ ಮೊದಲ ಪ್ರಯಾಣಿಕರ ಜೆಟ್ ವಿಮಾನ ಅದು, ಸೇವೆಗೆ ಬಂದು ವರ್ಷ ಕಳೆದಿತ್ತಷ್ಟೆ. ಇಳಿಯಬೇಕಾಗಿದ್ದದ್ದು ಸಾಂತಾಕ್ರೂಜ್ ನಿಲ್ದಾಣದಲ್ಲಿ, ಇಳಿದದ್ದು ಪಕ್ಕದ ಜುಹೂ ಎಂಬ ಪುಟ್ಟ ನಿಲ್ದಾಣದಲ್ಲಿ. ಇಳಿಯಲು ಕೆಲವು ಕ್ಷಣ ಸಾಕಾಗಿದ್ದವು. ಅಲ್ಲಿಂದ ಅದನ್ನು ಮತ್ತೆ ಮೇಲೆಬ್ಬಿಸಲು ಸುಮಾರು ಒಂಬತ್ತು ದಿನ ಬೇಕಾಯಿತು.

ಜುಹೂ ಹೆಸರು ನಮ್ಮ ಸೀಮೆಗೂ ಹೊಸದಲ್ಲ. 1928ರಲ್ಲಿ ಶುರುವಾದ ಜುಹೂ ದೇಶದ ಮೊದಲ ನಾಗರಿಕ ವಿಮಾನ ನಿಲ್ದಾಣ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಅಂಚೆ ಚೀಲ ಹೊತ್ತು ಪುಸ್ ಮಾತ್ ವಿಮಾನದಲ್ಲಿ ಬಂದಿಳಿದದ್ದು ಇಲ್ಲಿಯೇ. ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಆ ಅಂಚೆಯನ್ನು ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಸಿಂಧನೂರಿನವರಿಗೆ ಬಳ್ಳಾರಿ ಎಷ್ಟು ದೂರ? ತುಂಗಭದ್ರೆ ದಾಟಿ ಸಿರುಗುಪ್ಪದ ಮೇಲೆ ಹೋದರೆ ಬಂದೇಬಿಟ್ಟಿತು. ಆಗಿನ್ನೂ ಅಣೆಕಟ್ಟೆ ಇರಲಿಲ್ಲ, ಕಾಲುವೆ ಇರಲಿಲ್ಲ, ಈಗ ಕಾಣುವ ಭತ್ತದ ಹಸಿರು ಇರಲಿಲ್ಲ. ವಿಮಾನದಲ್ಲಿ ರೇಡಿಯೋ ಕೂಡ ಇರಲಿಲ್ಲ. ಹೊಳೆ, ರೈಲುಹಳಿ, ಗುಡ್ಡಗಳನ್ನು ನೋಡಿಕೊಂಡು ಪೈಲಟ್ ದಾರಿ ಹಿಡಿಯುತ್ತಿದ್ದ. ಕಣ್ಣೇ ನಕ್ಷೆ, ಕಣ್ಣೇ ದಿಕ್ಸೂಚಿ.

ಆಮೇಲೆ ವಿಮಾನಗಳು ದೊಡ್ಡವಾದವು, ವೇಗ ಹೆಚ್ಚಿತು, ಕೂಗಳತೆಯಲ್ಲಿ ಸಾಂತಾಕ್ರೂಜ್ ಬೆಳೆಯಿತು. ಎರಡರ ನಡುವಿನ ಅಂತರ ಎರಡು ಮೂರು ಕಿಲೋಮೀಟರ್ ಅಷ್ಟೇ. ರನ್‌ವೇಗಳಿಗೆ ಅವು ಮುಖ ಮಾಡಿರುವ ದಿಕ್ಕಿನ ಮೇಲೆ ಸಂಖ್ಯೆ ಕೊಡುತ್ತಾರೆ. ಸಾಂತಾಕ್ರೂಜಿನದು 09, ಎಂದರೆ ನೇರ ಪೂರ್ವ. ಜುಹೂದ್ದು 08. ಹೆಚ್ಚುಕಡಿಮೆ ಹತ್ತು ಡಿಗ್ರಿಯ ವ್ಯತ್ಯಾಸ. ಆದರೆ ಉದ್ದದಲ್ಲಿ ಅಜಗಜಾಂತರ. ಜುಹೂದ್ದು ಸುಮಾರು 1,100 ಮೀಟರ್, ಸಾಂತಾಕ್ರೂಜಿನದು ಇಂದು 3,400 ಮೀಟರಿಗೂ ಮಿಕ್ಕಿ. ಸಮುದ್ರದ ಕಡೆಯಿಂದ ಬರುವವನಿಗೆ ಮೊದಲು ಎದುರಾಗುವುದು ಜುಹೂ.

1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸಿನ 472ನೇ ವಿಮಾನ ಅದೇ ಜುಹೂದಲ್ಲಿ ಇಳಿಯಿತು. ಅದು ನಾಲ್ಕು ಎಂಜಿನ್‌ಗಳ ಡಿಸಿ-8. ಆ ರನ್‌ವೇ ಅದಕ್ಕೆ ಎಲ್ಲಿ ಸಾಕಾದೀತು? ಕೊನೆ ದಾಟಿ ನುಗ್ಗಿತು. ಕೆಲವರಿಗೆ ಗಾಯಗಳಾದವು, ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ವಿಮಾನ ಮಾತ್ರ ಮತ್ತೆಂದೂ ಹಾರಲಿಲ್ಲ.

ಅನುಭವಿ ಪೈಲಟ್‌ಗಳು ಹೀಗೆ ಹೇಗೆ ಮೋಸಹೋಗುತ್ತಾರೆ? ಆಕಾಶ ತಿಳಿಯಾಗಿದ್ದಾಗ ಉಪಕರಣಗಳ ಸಂಕೇತವನ್ನೇ ನೆಚ್ಚದೆ, ರನ್‌ವೇಯನ್ನು ಕಣ್ಣಾರೆ ನೋಡುತ್ತ ಇಳಿಯಲು ಅನುಮತಿ ಕೊಡುವುದುಂಟು. ನಿಲ್ದಾಣ ಕಾಣುತ್ತಿದೆಯೇ ಎಂದು ಕಂಟ್ರೋಲ್‌ನವರು ಕೇಳುತ್ತಾರೆ. ಕಾಣುತ್ತಿದೆ ಎಂದು ಪೈಲಟ್ ಹೇಳುತ್ತಾನೆ. ಇಬ್ಬರೂ ಸುಳ್ಳಾಡುತ್ತಿಲ್ಲ. ಆದರೆ ಒಬ್ಬನ ಮನಸ್ಸಿನಲ್ಲಿರುವುದು ಒಂದು ನಿಲ್ದಾಣ, ಇನ್ನೊಬ್ಬನ ಕಣ್ಣೆದುರಿಗಿರುವುದು ಮತ್ತೊಂದು. ಎಲ್ಲಿ ಹುಡುಕುತ್ತಿದ್ದನೋ ಸರಿಸುಮಾರು ಅಲ್ಲೇ, ಎಂಥದ್ದನ್ನು ಹುಡುಕುತ್ತಿದ್ದನೋ ಹೆಚ್ಚುಕಡಿಮೆ ಅಂಥದ್ದೇ ಸಿಕ್ಕಿಬಿಟ್ಟರೆ ಮನಸ್ಸು ಹುಡುಕಾಟ ನಿಲ್ಲಿಸುತ್ತದೆ. ಆಮೇಲೆ ಕಾಣುವ ಪ್ರತಿಯೊಂದು ಗುರುತೂ ಆ ನಂಬಿಕೆಗೇ ಸಾಕ್ಷಿ ಹೇಳತೊಡಗುತ್ತದೆ.

ಈ ಮಾತಿಗೆ ಮಸ್ಕಿಯ ಬಂಡೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು 'ದೇವಾನಂಪಿಯ ಪಿಯದಸಿ' ಎಂಬ ರಾಜ. ಯಾರೀತ? ಸಿಂಹಳದ ಇತಿಹಾಸದಲ್ಲಿ ದೇವಾನಂಪಿಯ ತಿಸ್ಸ ಎಂಬ ಬೌದ್ಧ ರಾಜನಿದ್ದ. ಬಿರುದು ಹೊಂದಿತು, ಧರ್ಮ ಹೊಂದಿತು. ಪ್ರಿನ್ಸೆಪ್ ಮೊದಲು ಅವನೇ ಇವನೆಂದು ತಿಳಿದರು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ದೀಪವಂಸ ಗ್ರಂಥದ ಆಧಾರದಿಂದ ಪಿಯದಸಿ ಎಂದರೆ ಅಶೋಕ ಎಂದು ತೋರಿಸಿಕೊಟ್ಟ ಮೇಲೆ ದಾರಿ ಸರಿಹೋಯಿತು. ಆದರೂ ಕಲ್ಲು ತಾನೇ ಬಾಯಿಬಿಟ್ಟು ಹೇಳಿರಲಿಲ್ಲ. ಅದಕ್ಕೆ ಇನ್ನೂ 78 ವರ್ಷ ಕಾಯಬೇಕಾಯಿತು. 1915ರಲ್ಲಿ ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದಲ್ಲಿ ಶಾಸನವೊಂದನ್ನು ಕಂಡರು. ಅದರಲ್ಲಿ ದೇವಾನಂಪಿಯನ ಜೊತೆಗೇ 'ಅಸೋಕ' ಎಂಬ ಹೆಸರೂ ಇತ್ತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನ ಎಷ್ಟೇ ಬೆಲೆಯದಿರಲಿ, ಆ ಕೆಲವು ಅಕ್ಷರಗಳ ಬೆಲೆಯೇ ಬೇರೆ.

ಹೋಲುವ ಎರಡರಲ್ಲಿ ಒಂದನ್ನು ಗುರುತಿಸಬೇಕಾದರೆ ಎಲ್ಲಾದರೂ ಹೆಸರು ಬರೆದಿರಬೇಕು. ಈ ವಿವೇಕ ಲಂಡನ್ನಿಗೂ ಬಂತು. ಅಲ್ಲಿ ಹೀಥ್ರೂ ದೊಡ್ಡ ನಿಲ್ದಾಣ, ಸಮೀಪದ ನಾರ್ತೋಲ್ಟ್ ವಾಯುಪಡೆಯದು. 1960ರ ಅಕ್ಟೋಬರ್‌ನಲ್ಲಿ ಪ್ಯಾನ್ ಆಮ್‌ನ ಬೋಯಿಂಗ್ 707 ಹೀಥ್ರೂ ಎಂದುಕೊಂಡು ನಾರ್ತೋಲ್ಟ್‌ನಲ್ಲಿ ಇಳಿಯಿತು. ಎರಡು ದಾರಿಗಳಲ್ಲೂ ನಿಂತಿದ್ದ ಭಾರಿ ಗ್ಯಾಸ್ ಟ್ಯಾಂಕುಗಳು ಪೈಲಟ್‌ಗಳಿಗೆ ಗುರುತಾಗಿದ್ದವು, ಆದರೆ ಅವೂ ಒಂದನ್ನೊಂದು ಹೋಲುತ್ತಿದ್ದವು. ಕೊನೆಗೆ ಸೌತಾಲ್‌ನ ಟ್ಯಾಂಕಿನ ಮೇಲೆ 'ಎಲ್‌ಎಚ್' ಎಂದೂ ಸೌತ್ ಹ್ಯಾರೋದ ಟ್ಯಾಂಕಿನ ಮೇಲೆ 'ಎನ್ಒ' ಎಂದೂ ದೊಡ್ಡದಾಗಿ ಬಣ್ಣದಲ್ಲಿ ಬರೆಸಿದರು. ಮಸ್ಕಿಯ ಬಂಡೆ ಮಾಡಿದ ಕೆಲಸವನ್ನೇ ಆ ಟ್ಯಾಂಕುಗಳೂ ಮಾಡಿದವು.

ಉಪಗ್ರಹಗಳೇ ದಾರಿ ತೋರುವ ಈ ಕಾಲದಲ್ಲಿ ಇದೆಲ್ಲ ಹಳೆಯ ಕಥೆ ಎನ್ನುವಂತಿಲ್ಲ. 2014ರ ಜನವರಿ 12ರ ರಾತ್ರಿ ಅಮೆರಿಕದಲ್ಲಿ ಬ್ರಾನ್ಸನ್‌ಗೆ ಹೊರಟಿದ್ದ ಸೌತ್‌ವೆಸ್ಟ್ ಸಂಸ್ಥೆಯ ಬೋಯಿಂಗ್ 737 ಹತ್ತಿರದ ಸಣ್ಣ ನಿಲ್ದಾಣವೊಂದರ ದೀಪಗಳನ್ನು ನಂಬಿ ಅಲ್ಲಿ ಇಳಿಯಿತು. ರನ್‌ವೇ ಸುಮಾರು 1,140 ಮೀಟರ್, ಬಹುತೇಕ ಜುಹೂದಷ್ಟೇ. ವಿಮಾನ ನಿಂತಾಗ ಮುಂದೆ ಉಳಿದಿದ್ದದ್ದು ಸುಮಾರು 90 ಮೀಟರ್. ಒಳಗೆ 124 ಪ್ರಯಾಣಿಕರಿದ್ದರು. ಸರಿಯಾದ ನಿಲ್ದಾಣ ಎಲ್ಲಿದೆ ಎನ್ನುವುದು ಕಾಕ್‌ಪಿಟ್‌ನ ಉಪಕರಣಗಳಿಗೆ ಗೊತ್ತಿತ್ತು. ಕಣ್ಣಿಗೆ ಖಾತ್ರಿಯಾಗಿದ್ದರಿಂದ ಅವುಗಳ ಮಾತು ಬೇಕಾಗಲಿಲ್ಲ.

ನಮ್ಮ ಬೆಂಗಳೂರಿನಲ್ಲೂ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲೇ ಜಕ್ಕೂರು, ಯಲಹಂಕ, ದೇವನಹಳ್ಳಿ ಎಂದು ಮೂರು ರನ್‌ವೇ ತಾಣಗಳಿವೆ. ಅದಕ್ಕೇ ಇಂದಿನ ಪೈಲಟ್‌ಗಳಿಗೆ ಕಲಿಸುವ ಪಾಠ ಸರಳ. ರನ್‌ವೇ ಎಷ್ಟೇ ಸ್ಪಷ್ಟವಾಗಿ ಕಾಣಲಿ, ದಿಕ್ಕು, ದೂರ, ರೇಡಿಯೋ ಸಂಕೇತಗಳೂ ಅದೇ ಮಾತು ಹೇಳುತ್ತಿವೆಯೇ ನೋಡು. ಒಂದು ಹೊಂದದಿದ್ದರೂ ಇಳಿಯಬೇಡ, ಮತ್ತೆ ಮೇಲೇರು.

ಇತಿಹಾಸ ಓದುವವರಿಗೂ ಇದೇ ಪಾಠ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಪ್ರಿನ್ಸೆಪ್ ಇಟ್ಟ ತಪ್ಪು ಹೆಜ್ಜೆಯನ್ನು ತಿದ್ದಲು ಟರ್ನರ್ ಅವರ ಗ್ರಂಥವಿತ್ತು, ಬೀಡನ್ ಕಂಡ ಬಂಡೆಯಿತ್ತು. ವಿದ್ವಾಂಸನಿಗೆ ಕಾಯುವಷ್ಟು ಕಾಲವಿರುತ್ತದೆ. ಪೈಲಟ್‌ಗೆ ಮಾತ್ರ ಆ ರನ್‌ವೇ ಮುಗಿಯುವವರೆಗಷ್ಟೇ.